ಮೊದಲು ಓದು, ಆಮೇಲೆ ಬರೆ



ಪತ್ರಿಕೆಗೆ ಒಂದು ಲೇಖನ ಕೊಡುತ್ತೇನೆ ಎಂದಾಗ ನಮ್ಮ ಸಂಘದವರು ಅದು ಹೋಳಿಗೆಯ ವಿಷಯವೋ ಹಬ್ಬದ ರಂಗೋಲಿಯ ವಿಷಯವೋ ಇರಬೇಕೆಂದು ತಿಳಿದಿದ್ದರು. ಇದು ಅದಲ್ಲ. ಗಾಲ್ಫ್ ಗಾಡಿಯೊಂದಕ್ಕೆ ಕಂಪ್ಯೂಟರ್ ಜೋಡಿಸಿದ ಕಥೆ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿ, ಮೂವತ್ತು ವರ್ಷ ಮನೆ ನಡೆಸಿಕೊಂಡು ಬಂದ, ಐವತ್ತು ದಾಟಿದ ಹೆಂಗಸಿಗೂ ಇದಕ್ಕೂ ಏನು ಸಂಬಂಧ ಎಂದು ನೀವು ನಗಬಹುದು. ನಗಿ, ಆದರೆ ಕೊನೆಯವರೆಗೆ ಓದಿ. ಇದರಲ್ಲಿ ನಿಮ್ಮದೇ ವಯಸ್ಸಿನ ಒಬ್ಬ ಹುಡುಗನಿದ್ದಾನೆ. ಅವನು ನನ್ನ ಮಗ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಪುಣೆಯಲ್ಲಿ ನಮ್ಮ ಸೊಸೈಟಿ ಇರುವುದು ಗುಡ್ಡದ ಇಳಿಜಾರಿನಲ್ಲಿ. ಮೇಲಿನ ಕಟ್ಟಡಗಳಿಂದ ಕೆಳಗಿನ ಗೇಟಿಗೆ ಹತ್ತು ನಿಮಿಷದ ನಡಿಗೆ. ಮಂಡಿನೋವಿನ ಹಿರಿಯರಿಗಾಗಿ 2019ರಲ್ಲಿ ಸೊಸೈಟಿಯವರು ಬಳಸಿದ ಗಾಲ್ಫ್ ಗಾಡಿಯೊಂದನ್ನು ಕೊಂಡರು. ಮೈಸೂರಿನ ಮೃಗಾಲಯದಲ್ಲಿ ಸದ್ದಿಲ್ಲದೆ ಓಡಾಡುವ ಬ್ಯಾಟರಿ ಗಾಡಿಗಳನ್ನು ನೋಡಿರುತ್ತೀರಲ್ಲ, ಅದೇ ಜಾತಿಯದು. 84 ವರ್ಷದ ನಮ್ಮ ಅತ್ತೆಯವರಿಗೆ ಆ ಗಾಡಿಯೇ ಕಾಲಾಗಿತ್ತು. ಅವರು ಧಾರವಾಡದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವರು. ಪ್ರತಿ ಭಾನುವಾರ ಅದರಲ್ಲಿ ಗೇಟಿನವರೆಗೆ ಬಂದು, ಅಲ್ಲಿಂದ ರಿಕ್ಷಾ ಹಿಡಿದು ಸಂಘಕ್ಕೆ ಹೋಗಿ, ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದರು. ನಿಮ್ಮಲ್ಲಿ ಕೆಲವರು ಅವರ ಕೈಯಲ್ಲೇ ಅಆಇಈ ಕಲಿತವರು.

2023ರ ಗಣೇಶ ಚತುರ್ಥಿಯ ಹಿಂದಿನ ರಾತ್ರಿ, ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದ ನನ್ನ ಮಗನಿಗೆ ಒಂದು ಉಮೇದು ಹುಟ್ಟಿತು. "ಈ ಗಾಡಿ ಎತ್ತಿನ ಬಂಡಿಗಿಂತ ನಿಧಾನ" ಎಂದು ಗೆಳೆಯರು ಹಾಸ್ಯ ಮಾಡುತ್ತಿದ್ದರಂತೆ. ಗೆಳೆಯನೊಬ್ಬನಿಂದ ತಂತಿಯನ್ನೂ ಪ್ರೋಗ್ರಾಮನ್ನೂ ತಂದು, ಲ್ಯಾಪ್‌ಟಾಪ್ ಜೋಡಿಸಿ, ಕಂಡ ಅಂಕಿಗಳನ್ನೆಲ್ಲ ಏರಿಸಿಬಿಟ್ಟ. ಐದು ನಿಮಿಷದ ಕೆಲಸ.

ಮರುದಿನ ಬೆಳಿಗ್ಗೆ ಅತ್ತೆಯವರು ಗಾಡಿಯಲ್ಲಿ ಕುಳಿತರು. ಚಾಲಕ ಎಂದಿನಂತೆ ಪೆಡಲ್ ಒತ್ತಿದ. ಗಾಡಿ ಜಿಗಿಯಿತು. ಅವರ ಕೈ ಸರಳಿನಿಂದ ಜಾರಿ, ಮಣಿಕಟ್ಟು ಕಬ್ಬಿಣಕ್ಕೆ ಬಡಿದು ಮೂಳೆ ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್. ಬಲಗೈ, ಅಕ್ಷರ ತಿದ್ದಿಸುವ ಕೈ.

ಎಲ್ಲರೂ ಬೈದದ್ದು ಚಾಲಕನನ್ನು. ಕುಡಿದಿದ್ದನೇ ಎಂದು ಕೇಳಿದವರೂ ಉಂಟು. ಅವನನ್ನು ಕೆಲಸದಿಂದ ತೆಗೆಯುವ ಮಾತು ಹೊರಟಿತು. ಮೂರು ದಿನ ನನ್ನ ಮಗ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೆಯ ರಾತ್ರಿ ಅಡಿಗೆಮನೆಗೆ ಬಂದು, "ಅಮ್ಮಾ, ತಪ್ಪು ಅವರದಲ್ಲ" ಎಂದ.

ನಾನು ಬೈಯಲಿಲ್ಲ. ಮರುದಿನ ಕೈಹಿಡಿದು ಸೊಸೈಟಿಯ ಕಾರ್ಯದರ್ಶಿಯ ಮನೆಗೆ ಕರೆದೊಯ್ದೆ, ಅಲ್ಲಿಂದ ಚಾಲಕನ ಬಳಿಗೆ. ಕ್ಷಮೆ ಕೇಳುವಾಗ ಅವನ ದನಿ ನಡುಗುತ್ತಿತ್ತು. ಆ ಚಾಲಕ ದೊಡ್ಡ ಮನಸ್ಸಿನವನು, ಮಗನ ಬೆನ್ನು ತಟ್ಟಿದ. ಆದರೆ ಗಾಡಿ ಸರಿಯಾಗಬೇಕಲ್ಲ? ಮಾರಿದವರು ಅಷ್ಟರಲ್ಲಿ ಅಂಗಡಿಯನ್ನೇ ಮುಚ್ಚಿದ್ದರು. "ಕೆಡಿಸಿದವನೇ ಸರಿಮಾಡಲಿ, ನಮ್ಮ ಇಲೆಕ್ಟ್ರಿಶಿಯನ್ ಎದುರಿಗಿರಲಿ" ಎಂದು ಸಮಿತಿಯವರು ತೀರ್ಮಾನಿಸಿದರು. ನಾನೂ ಇರುತ್ತೇನೆ ಎಂದೆ.

ಈಗ ಆ ಗಾಡಿಯ ಒಳಗನ್ನು ಸ್ವಲ್ಪ ಹೇಳಬೇಕು. ಸೀಟಿನ ಕೆಳಗೆ 8 ವೋಲ್ಟಿನ 6 ಸೀಸದ ಬ್ಯಾಟರಿಗಳು, ಒಟ್ಟು 48 ವೋಲ್ಟ್. 2001ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಬಂದ ರೇವಾ ಕಾರು ಓಡುತ್ತಿದ್ದುದೂ 48 ವೋಲ್ಟಿನ ಸೀಸದ ಬ್ಯಾಟರಿಗಳಿಂದಲೇ. ಬ್ಯಾಟರಿಗೂ ಮೋಟಾರಿಗೂ ನಡುವೆ ಅಂಗೈ ಅಗಲದ ಒಂದು ಪೆಟ್ಟಿಗೆ ಇರುತ್ತದೆ. ಅದೇ ಕಂಟ್ರೋಲರ್. ಅದು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಬಿಟ್ಟು ಹಿಡಿದು ಮಾಡುತ್ತದೆ. ಬಿಡುವ ಹೊತ್ತು ಹೆಚ್ಚಾದರೆ ಗಾಡಿ ವೇಗ, ಕಡಿಮೆಯಾದರೆ ನಿಧಾನ. ಗರಿಷ್ಠ ವೇಗ ಎಷ್ಟು, ಕರೆಂಟಿನ ಮಿತಿ ಎಷ್ಟು, ಪೆಡಲ್ ಒತ್ತಿದಾಗ ಎಷ್ಟು ಬೇಗ ಏರಬೇಕು, ಬ್ಯಾಟರಿ ಎಷ್ಟು ಇಳಿದರೆ ನಿಲ್ಲಬೇಕು, ಇವೆಲ್ಲ ಅಂಕಿಗಳಾಗಿ ಅದರ ನೆನಪಿನಲ್ಲಿ ಕುಳಿತಿರುತ್ತವೆ. ಬ್ಯಾಟರಿ ಕಳಚಿದರೂ ಅವು ಅಳಿಯುವುದಿಲ್ಲ. ಮಗ ಏರಿಸಿದ್ದು ಈ ಅಂಕಿಗಳನ್ನು.

ಮ್ಯಾನುಯಲ್ ಇಂಗ್ಲಿಷಿನಲ್ಲಿತ್ತು, ಸಣ್ಣ ಅಕ್ಷರ. ಮಗ ಅದನ್ನು ತೆರೆದೇ ಇರಲಿಲ್ಲ! "ನಾನು ಓದುತ್ತೇನೆ, ನೀನು ಕೇಳು. ಕೈ ಆಮೇಲೆ" ಎಂದೆ. ಷೇಕ್ಸ್‌ಪಿಯರನ ನಾಟಕ ಓದಿ ಪಡೆದ ಪದವಿ ಕೊನೆಗೂ ಹೀಗೆ ಉಪಯೋಗಕ್ಕೆ ಬಂತು. ಎರಡು ಸಂಜೆ ಕುಳಿತು ಮೊದಲಿನಿಂದ ಕೊನೆಯವರೆಗೆ ಓದಿದೆವು.

ಆಭರಣ ತೆಗೆದಿಡಬೇಕು ಎಂದು ಒಂದು ಸಾಲಿತ್ತು. ಬ್ಯಾಟರಿಯ ಎರಡು ತುದಿಗಳಿಗೆ ಲೋಹ ತಗುಲಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ನಾನು ಚಿನ್ನದ ಬಳೆ ಕಳಚಿದ್ದನ್ನು ಅತ್ತೆಯವರು ನೋಡಿದರು. "ಏನವಾ ಇದು, ಬರಿಗೈಲೆ ನಿಂತೀಯಲ್ಲ! ಗಾಜಿನ ಬಳಿಯರ ಹಾಕ್ಕೋ" ಎಂದರು. ಹಾಕಿಕೊಂಡೆ. ಗಾಜಿನಲ್ಲಿ ಕರೆಂಟ್ ಹರಿಯದು. ಅತ್ತೆಯವರ ಮಾತೂ ಉಳಿಯಿತು, ಮ್ಯಾನುಯಲ್ಲಿನ ಮಾತೂ ಉಳಿಯಿತು.

ಶನಿವಾರ ಕೆಲಸಕ್ಕೆ ಇಳಿದೆವು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಚಕ್ರಗಳನ್ನು ಜಾಕಿನಿಂದ ಎತ್ತಿ, ಗಟ್ಟಿ ಆಧಾರದ ಮೇಲೆ ನಿಲ್ಲಿಸಿದೆವು. ಗಾಡಿಯ ಚಾರ್ಜರನ್ನು ಗೋಡೆಯಿಂದ ಕಿತ್ತೆವು. ಲ್ಯಾಪ್‌ಟಾಪನ್ನೂ ಅದರ ಬ್ಯಾಟರಿಯ ಮೇಲೆಯೇ ಇಟ್ಟೆವು. ಕಂಟ್ರೋಲರ್ ಹಳೆಯ ಕಾಲದ್ದು, ಅದಕ್ಕೆ ಬೇಕಾದದ್ದು ಸೀರಿಯಲ್ ಪೋರ್ಟ್. ಈಗಿನ ಲ್ಯಾಪ್‌ಟಾಪುಗಳಲ್ಲಿ ಅದು ಇರುವುದಿಲ್ಲ, ಆದ್ದರಿಂದ ನಡುವೆ ಒಂದು ಯುಎಸ್‌ಬಿ ಅಡಾಪ್ಟರ್. ಜೋಡಿಸಿದರೆ, "ಕಂಟ್ರೋಲರ್ ಸಿಗುತ್ತಿಲ್ಲ" ಎಂದಿತು ಪರದೆ. ಮಗ ತಂತಿ ಕಿತ್ತು ಮತ್ತೆ ಮತ್ತೆ ಸಿಕ್ಕಿಸತೊಡಗಿದ. ಆತುರಗಾರನಿಗೆ ಬುದ್ಧಿ ಮಟ್ಟ! ಮ್ಯಾನುಯಲ್ಲಿನ ಪುಟ ತೆರೆದು ತೋರಿಸಿದೆ. ವಿಂಡೋಸ್ ಆ ಅಡಾಪ್ಟರಿಗೆ ಕಾಮ್ 5 ಎಂಬ ಸಂಖ್ಯೆ ಕೊಟ್ಟಿತ್ತು, ಪ್ರೋಗ್ರಾಮು ಕಾಮ್ 1ರ ಬಾಗಿಲು ತಟ್ಟುತ್ತಿತ್ತು. ಹಿಂದಿನ ಸಲ ಗೆಳೆಯನ ಲ್ಯಾಪ್‌ಟಾಪ್ ಆಗಿದ್ದರಿಂದ ಈ ತೊಡಕು ಅವನಿಗೆ ಗೊತ್ತೇ ಆಗಿರಲಿಲ್ಲ. ಸಂಖ್ಯೆ ಬದಲಿಸಿದೊಡನೆ ಅಂಕಿಗಳು ಮೂಡಿದವು.

ಪರದೆಯ ಮೇಲೆ ಎರಡು ಗುಂಡಿಗಳಿದ್ದವು. ಒಂದು 'ಓದು', ಇನ್ನೊಂದು 'ಬರೆ'. ಒಂದು ಪೆಟ್ಟಿಗೆಯಲ್ಲಿರುವುದನ್ನು ತೋರಿಸುತ್ತದೆ, ಇನ್ನೊಂದು ಅದರ ಮೇಲೆ ಹೊಸದನ್ನು ಬರೆಯುತ್ತದೆ. ಹೊಸದು ಬಿದ್ದರೆ ಹಳೆಯದು ಹೋಯಿತು. ಆ ರಾತ್ರಿ ಮಗ ಹಳೆಯ ಅಂಕಿಗಳನ್ನು ಎಲ್ಲಿಯೂ ಗುರುತು ಹಾಕಿರಲಿಲ್ಲ. ಅವನ ತಪ್ಪಿನ ಬೇರು ಅಲ್ಲಿತ್ತು.

"ಈಗ ಅಂದಾಜಿನ ಮೇಲೆ ಹಾಕೋಣ" ಎಂದ. ನಾನು ಒಪ್ಪಲಿಲ್ಲ. ಕಾರ್ಯದರ್ಶಿಯ ಕಪಾಟಿನಿಂದ ಗಾಡಿಯ ಫೈಲು ತರಿಸಿದೆ. ರಸೀದಿಗಳ ಅಡಿಯಲ್ಲಿ, ಗಾಡಿ ಬಂದ ದಿನ ತುಂಬಿಕೊಟ್ಟ ಒಂದು ಹಾಳೆ ಇತ್ತು. ಗರಿಷ್ಠ ವೇಗ ನೂರಕ್ಕೆ 60, ಮಗ ಮಾಡಿದ್ದು 100. ಪೆಡಲಿನ ಏರಿಕೆ 4, ಮಗ ಮಾಡಿದ್ದು 15. ಕರೆಂಟಿನ ಮಿತಿ 80, ಅದೂ 100 ಆಗಿತ್ತು. ಅದು ಹಾಗೆಯೇ ಉಳಿದಿದ್ದರೆ ಚಡಾವು ಹತ್ತುವಾಗ ಮೋಟಾರೂ ತಂತಿಗಳೂ ಅತಿಯಾಗಿ ಕಾಯುತ್ತಿದ್ದವು ಎಂದರು ಇಲೆಕ್ಟ್ರಿಶಿಯನ್. ಇದ್ದ ಅಂಕಿಗಳನ್ನು ಮೊದಲು ನನ್ನ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆಸಿದೆ. ಆಮೇಲೆ ಹಳೆಯವನ್ನು ಹಾಕಿ 'ಬರೆ' ಒತ್ತಿದ. ಮತ್ತೆ 'ಓದು' ಒತ್ತಿ ಸರಿಯಾಗಿ ಕುಳಿತಿದೆಯೇ ಎಂದು ತಾಳೆ ನೋಡಿದೆವು. ತಂತಿ ಕಳಚಿ ಪೆಡಲನ್ನು ಮೆಲ್ಲಗೆ ಮಾತ್ರ ಒತ್ತಿ ನೋಡಿದ. ಚಕ್ರ ಎತ್ತಿರುವಾಗ ಪೂರ್ತಿ ಒತ್ತಬಾರದು, ಭಾರವಿಲ್ಲದ ಮೋಟಾರು ಮಿತಿಮೀರಿ ತಿರುಗಿ ಕೆಡಬಹುದು. ಇದೂ ಓದಿ ತಿಳಿದದ್ದೇ.

ಗಾಡಿ ಸರಿಯಾಯಿತು. ಅತ್ತೆಯವರ ಮನಸ್ಸು ಸರಿಯಾಗಲಿಲ್ಲ. ಪ್ಲಾಸ್ಟರ್ ತೆಗೆದ ಮೇಲೂ "ಆ ಕುದುರಿ ನನಗ ಬ್ಯಾಡ" ಎಂದುಬಿಟ್ಟರು. ಸಂಘದ ತರಗತಿ ನಿಂತೇ ಇತ್ತು. ಮೊಮ್ಮಗ ದಿನವೂ ಕೇಳುತ್ತಿದ್ದ. ಒಂದು ದಿನ ಅವರೇ ಒಂದು ಪರೀಕ್ಷೆ ಒಡ್ಡಿದರು. "ತಂಬಿಗಿ ತುಂಬ ನೀರು ಸೀಟಿನ ಮ್ಯಾಲ ಇಟ್ಟು ಗೇಟಿನ ತನಕಾ ಹೋಗಿ ಬಾ. ಚೆಲ್ಲಲಿಲ್ಲಂದ್ರ ನಾ ಕೂಡತೀನಿ."

ಚಾಲಕ ಗಾಡಿ ನಡೆಸಿದ, ಮಗ ಪಕ್ಕದಲ್ಲಿ ಓಡಿದ. ಮೇಲಿನ ಕಟ್ಟಡದ ಹುಡುಗರೆಲ್ಲ ಬಾಲ್ಕನಿಯಲ್ಲಿ ನಿಂತು ನೋಡಿದರು. ಹಿಂದಿರುಗಿದಾಗ ತಂಬಿಗೆಯ ಸುತ್ತ ನಾಲ್ಕು ಹನಿ ಬಿದ್ದಿದ್ದವು. ಅತ್ತೆಯವರು ಬೆರಳಿನಿಂದ ಒರೆಸಿ ನೋಡಿ, "ಇಷ್ಟು ನಡೀತದ" ಎಂದರು.

ದೀಪಾವಳಿ ಕಳೆದ ಭಾನುವಾರ ಅವರನ್ನು ಸಂಘಕ್ಕೆ ಕರೆದುಕೊಂಡು ಹೋದೆವು. ಮಕ್ಕಳು ಸುತ್ತ ನೆರೆದರು. ಒಬ್ಬ ಪೋರ ಹಲಗೆಯ ಮೇಲಿನ ಪದವನ್ನು ನೋಡದೆಯೇ ಸರಸರನೆ ಏನನ್ನೋ ಗೀಚತೊಡಗಿದ. ಅತ್ತೆಯವರು ಇನ್ನೂ ಊದಿಕೊಂಡಿದ್ದ ಕೈಯಿಂದ ಅವನ ಪೆನ್ಸಿಲನ್ನು ಮೆತ್ತಗೆ ತಡೆದು ಹೇಳಿದರು:

"ಮೊದಲ ಓದು, ಆಮ್ಯಾಲ ಬರಿ."

ಬಾಗಿಲ ಬಳಿ ನಿಂತಿದ್ದ ನನ್ನ ಮಗ ತಲೆ ತಗ್ಗಿಸಿ ನಕ್ಕ. ಅಕ್ಷರ ಕೂಡಿಸಿ ಕೂಡಿಸಿ ಕನ್ನಡ ಓದುವ ನಿಮಗೆ ಇಲ್ಲಿಯವರೆಗೆ ಬರಲು ಹೊತ್ತು ಹಿಡಿದಿರಬಹುದು. ನಿಧಾನವಾಯಿತೆಂದು ಸಂಕೋಚ ಬೇಡ ಮಕ್ಕಳೇ. ಆ ನಿಧಾನವನ್ನು ನಾವು ಮನೆಯಲ್ಲಿ ಬಹಳ ಬೆಲೆ ಕೊಟ್ಟು ಕಲಿತೆವು.

ಇಂತು ನಿಮ್ಮ ಪ್ರೀತಿಯ ಕಾಕು