ರಾತ್ರಿ ಪಾಳಿಯ ಬಾತುಗಳು

ನಮ್ಮ ಧಾರವಾಡಕ್ಕೆ ಥಂಡಿ ಬಂದ ಸುದ್ದಿಯನ್ನು ಮೊದಲು ಹೇಳುವುದು ಕೊಬ್ಬರಿ ಎಣ್ಣೆಯ ಬಾಟಲಿ. ಹವಾಮಾನ ಇಲಾಖೆಯದು ಆಮೇಲೆ. ಬೆಳಿಗ್ಗೆ ಎಣ್ಣೆ ಬೆಣ್ಣೆಯಾಗಿ ಕೂತಿತೆಂದರೆ ಟ್ರಂಕಿನೊಳಗಿನ ಕೌದಿ ಹೊರಗೆ ಬರುತ್ತದೆ, ಮಂಕಿ ಕ್ಯಾಪಿನ ಹುಡುಕಾಟ ಶುರುವಾಗುತ್ತದೆ. ಅಂಥದೊಂದು ಜನವರಿಯ ಸಂಜೆ, ಬಾಟಲಿಯನ್ನು ಬಿಸಿನೀರಿನ ತಂಬಿಗೆಯಲ್ಲಿ ನಿಲ್ಲಿಸಿ ಎಣ್ಣೆ ಕರಗುವುದನ್ನು ಕಾಯುತ್ತಿದ್ದಾಗ ಪಕ್ಕದ ಮನೆಯ ಮಾಸ್ತರರು ಕಾಂಪೌಂಡಿನ ಮೇಲಿಂದ ಕೂಗಿದರು: “ನಾಳೆ ನಸುಕಿನ್ಯಾಗ ಮಾಗಡಿಗೆ ಹೋಗೂಣ್ರಿ. ನಾಲ್ಕಕ್ಕ ಬಿಡಬೇಕು.”

ಒಳಗಿನಿಂದ ನನ್ನ ಹೆಂಡತಿ, “ಹಕ್ಕಿಗಾದ್ರ ಮೈತುಂಬ ಪುಕ್ಕಾ ಅದಾವು. ನಿಮಗೇನೈತಿ?” ಎಂದಳು. ಈ ಪ್ರಶ್ನೆಗೆ ಇಂದಿಗೂ ನನ್ನ ಹತ್ತಿರ ಉತ್ತರವಿಲ್ಲ.

ಮಾಗಡಿ ಎಂದರೆ ಕೆಂಪೇಗೌಡರ ಮಾಗಡಿಯಲ್ಲ. ಇದು ಗದಗ ಜಿಲ್ಲೆ, ಶಿರಹಟ್ಟಿ ತಾಲೂಕಿನ ಮಾಗಡಿ. ಮಾಗಿಯಲ್ಲೇ ನೋಡಬೇಕಾದ ಮಾಗಡಿ. ಅಲ್ಲಿಯ ಕೆರೆಗೆ ಪ್ರತಿ ಚಳಿಗಾಲ ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬಂದು ಇಳಿಯುತ್ತವೆ. ಜನವರಿಯಲ್ಲಿ ಏಷ್ಯಾದ ಉದ್ದಗಲಕ್ಕೂ ನೀರಹಕ್ಕಿಗಳ ಗಣತಿ ನಡೆಯುತ್ತದೆ. 1987ರಲ್ಲಿ ಶುರುವಾದ ಈ ಗಣತಿಗೆ ಸಂಬಳವಿಲ್ಲ, ಭತ್ಯೆಯಿಲ್ಲ. ಒಂದು ದುರ್ಬೀನು, ಒಂದು ವಹಿ, ಥಂಡಿ ತಡೆಯುವ ಹುಂಬತನ ಇದ್ದರೆ ಸಾಕು. ಮಾಸ್ತರರು ನಲವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಎಣಿಸಲು ಏನೂ ಇಲ್ಲದ ದಿನ ಅವರಿಗೆ ಊಟ ಸೇರುವುದಿಲ್ಲ.

ನಾನು ಹಕ್ಕಿಯ ಕಡೆ ತಿರುಗಿದ್ದು ಇದಕ್ಕಿಂತ ಸಣ್ಣ ಕಾರಣಕ್ಕೆ. ಸಕ್ಕರೆ ಕಾಯಿಲೆ ಬಂತು, ಡಾಕ್ಟರು ನಡೆಯಿರಿ ಎಂದರು, ನಡೆಯಲು ಕೆಲಗೇರಿ ಕೆರೆಯ ದಂಡೆ ಸಿಕ್ಕಿತು. ಸುಮ್ಮನೆ ನಡೆಯುವುದು ಬೇಜಾರಿನ ಕೆಲಸವಾದ್ದರಿಂದ ನೀರಿನ ಮೇಲೆ ಕಣ್ಣಾಡಿಸತೊಡಗಿದೆ. ಮೊದಲು ಪರಿಚಯವಾದದ್ದು ನಾಮದ ಕೋಳಿ: ಕಪ್ಪು ಮೈ, ಹಣೆಯ ಮೇಲೆ ಬೆಳ್ಳನೆ ನಾಮ, ಮಡಿವಂತರ ನಡಿಗೆ, ಜಗಳಕ್ಕೆ ನಿಂತರೆ ಮಾತ್ರ ಮಡಿಯೆಲ್ಲ ಬಿಟ್ಟು ನೀರ ಮೇಲೆ ದಡಬಡ ಓಟ. ಆಮೇಲೆ ಗುಳುಮುಳುಕ, ನೀರುಕಾಗೆ, ವರಟೆ. ಇವೆಲ್ಲ ಸುಲಭ. ಕಷ್ಟ ಶುರುವಾಗುವುದು ಚಳಿಗಾಲದ ಅತಿಥಿಗಳಿಂದ. ಸೂಜಿಬಾಲದ ಬಾತನ್ನು ಬಾಲದಿಂದ, ಸಲಿಕೆ ಕೊಕ್ಕಿನ ಬಾತನ್ನು ಕೊಕ್ಕಿನಿಂದ ಗುರುತಿಸಬೇಕೆಂದು ಪುಸ್ತಕ ಹೇಳುತ್ತದೆ. ಆದರೆ ಥಂಡಿ ಬಿದ್ದ ಮುಂಜಾನೆ ಬಾತುಗಳು ಕೊಕ್ಕನ್ನು ಬೆನ್ನ ಪುಕ್ಕದೊಳಗೆ ತೂರಿಸಿ, ಬಾಲ ನಮಗೆ ಕಾಣದಂತೆ ಗಾಳಿಗೆದುರಾಗಿ, ನೀರಿನ ಮೇಲೆ ತೇಲುವ ಕಲ್ಲುಗಳ ಹಾಗೆ ಮಲಗಿರುತ್ತವೆ. ಪರೀಕ್ಷೆಯ ದಿನವೇ ಪುಸ್ತಕ ಮುಚ್ಚಿಟ್ಟಂತೆ! ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಪುಸ್ತಕಗಳನ್ನು ಎದೆಗವಚಿಕೊಂಡು ಹೋದವನು ಎಷ್ಟೋ ಸಲ ‘ಬಾತು, ಕಂದು, ನಿದ್ದೆಯಲ್ಲಿದೆ’ ಎಂದಷ್ಟೇ ಬರೆದುಕೊಂಡು ಬಂದಿದ್ದೇನೆ.

ಇರಲಿ. ನಾಲ್ಕಕ್ಕೆ ಹೊರಟೆವು. ಹುಬ್ಬಳ್ಳಿ ದಾಟಿ ಲಕ್ಷ್ಮೇಶ್ವರದ ದಾರಿ ಹಿಡಿದ ಮೇಲೆ ನಿಜವಾದ ಥಂಡಿ ಸಿಕ್ಕಿತು. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ಚಳಿಯ ಮಾತು ಬಂದಾಗಲೆಲ್ಲ 1884ರ ಜನವರಿ 13ರಂದು ಅವರ ಊರಲ್ಲಿ 7.8 ಡಿಗ್ರಿಗೆ ಇಳಿದದ್ದನ್ನು ಹೇಳುತ್ತಾನೆ, ತಾನೇ ಅಂದು ಸ್ವೆಟರ್ ಹಾಕಿಕೊಂಡು ನಿಂತಿದ್ದವನ ಹಾಗೆ. ಬಯಲುಸೀಮೆಯ ಥಂಡಿಗೆ ದಾಖಲೆಯ ಹಂಗಿಲ್ಲ. ಮೋಡವಿಲ್ಲದ ಆಕಾಶ, ಮರವಿಲ್ಲದ ಎರೆಹೊಲ; ಹಗಲು ಹೀರಿದ ಬಿಸಿಲನ್ನೆಲ್ಲ ನೆಲ ರಾತ್ರಿ ಮೇಲಕ್ಕೆ ಬಿಟ್ಟುಬಿಡುತ್ತದೆ. ಉತ್ತರದ ಒಣಗಾಳಿ ಬೀಸಿತೆಂದರೆ 10 ಡಿಗ್ರಿಯೂ ಹಲ್ಲು ಕಟಕಟಿಸಲು ಧಾರಾಳ ಸಾಕು.

ಕೆರೆ ಮುಟ್ಟಿದಾಗ ಮೂಡಲ ಇನ್ನೂ ಬೂದು. ನೆಲ ತಣ್ಣಗಾದಷ್ಟು ಬೇಗ ನೀರು ತಣಿಯುವುದಿಲ್ಲವಲ್ಲ, ಕೆರೆಯ ಮೈಮೇಲೆಲ್ಲ ಹಬೆ ಆಡುತ್ತಿತ್ತು. ಯಾರೋ ಊರಿಗೆಲ್ಲ ಒಂದೇ ಹಂಡೆಯಲ್ಲಿ ನೀರು ಕಾಯಿಸಲು ಇಟ್ಟಂತೆ. ದುರ್ಬೀನು ಕಣ್ಣಿಗೇರಿಸಿದೆ, ನನ್ನ ಉಸಿರಿಗೇ ಅದರ ಗಾಜು ಮಂಜಾಯಿತು. ಒರೆಸಿದೆ, ಮತ್ತೆ ಮಂಜು. ಉಸಿರು ಹಿಡಿದು ನೋಡಿದೆ, ಕೈ ನಡುಗಿ ಒಂದು ಹಕ್ಕಿ ನಾಲ್ಕಾಯಿತು. “ಹಂಗ ಎಣಿಸಬ್ಯಾಡ್ರಿ ಮತ್ತ,” ಎಂದರು ಮಾಸ್ತರರು.

ಹತ್ತಿರದಿಂದ ನೋಡುವ ಆಸೆಗೆ ಒಂದು ಅಡ್ಡದಾರಿ ಹಿಡಿದೆ. ಕಡಲೆ ಹೊಲ, ಮೊಣಕಾಲೆತ್ತರದ ಹಸುರು, ಎಲೆಯ ತುಂಬ ಇಬ್ಬನಿ. ಕಾಲಲ್ಲಿ ಬರೀ ಚಪ್ಪಲಿ. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಪಾದ, ಮೀನಖಂಡ ಎಲ್ಲ ಚುರುಗುಟ್ಟತೊಡಗಿದವು. ಕಡಲೆ ಗಿಡದ ಎಲೆ ಹುಳಿ ಸೂಸುತ್ತದೆ, ಇಬ್ಬನಿಯಲ್ಲಿ ಆ ಹುಳಿ ಕರಗಿರುತ್ತದೆ. ನಮ್ಮ ಅಜ್ಜಿ ನಸುಕಿನಲ್ಲಿ ಗಿಡಗಳ ಮೇಲೆ ಬಿಳಿ ಅರಿವೆ ಹಾಸಿ, ಹಿಂಡಿ, ಆ ಹುಳಿಯನ್ನು ಹೊಟ್ಟೆನೋವಿಗೆಂದು ಬಾಟಲಿಯಲ್ಲಿಡುತ್ತಿದ್ದಳು. ಇದೆಲ್ಲ ಗೊತ್ತಿದ್ದೂ ಇಳಿದವನಿಗೆ ಯಾವ ಔಷಧವೂ ಇಲ್ಲ.

ಆಗ ಕೇಳಿಸಿತು. ಮೂಗಿನಲ್ಲಿ ಮಾತಾಡುವ ಜನ ದೂರದ ಸಂತೆಗೆ ಹೊರಟಂತೆ, ಕಪ್ಪತಗುಡ್ಡದ ದಿಕ್ಕಿನಿಂದ ‘ಆಂಗ್, ಆಂಗ್’ ಎಂಬ ಸದ್ದು. ಮೊದಲು ಸದ್ದು, ಆಮೇಲೆ ಆಕಾಶದಲ್ಲೊಂದು ಸಡಿಲ ದಾರ, ಅದರ ಹಿಂದೆ ಇನ್ನೊಂದು, ಮತ್ತೊಂದು. ತಲೆಯ ಮೇಲೆ ಬಂದಾಗ ರೆಕ್ಕೆಯ ಗಾಳಿಯೂ ಕೇಳಿಸುವಷ್ಟು ಹತ್ತಿರ. ನೀರಿಗೆ ಎರಡಾಳೆತ್ತರ ಇರುವಾಗ ರೆಕ್ಕೆ ಬಿಗಿಹಿಡಿದು, ಕಿತ್ತಳೆ ಕಾಲು ಮುಂದೆ ಚಾಚಿ, ಹಬೆಯೊಳಗೆ ಜಾರಿಬಿಡುತ್ತಿದ್ದವು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಅಳತೆಪಟ್ಟಿ ಇಟ್ಟು ಎಳೆದಂತೆ ಎರಡು ಕಪ್ಪು ಪಟ್ಟೆ.

ಇವು ಹಿಮಾಲಯವನ್ನು ದಾಟಿ ಬಂದವು. 7,000 ಮೀಟರಿಗಿಂತ ಮೇಲೆ ಹಾರಿದ್ದು ಯಂತ್ರ ಕಟ್ಟಿ ಅಳೆದವರ ಲೆಕ್ಕದಲ್ಲಿದೆ. ಆ ತೆಳುಗಾಳಿಯಲ್ಲಿ ಸಿಗುವ ಚೂರುಪಾರು ಪ್ರಾಣವಾಯುವನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುವ ರಕ್ತ ಇವುಗಳದು. ಆದರೆ ನನಗೆ ಹಿಡಿಸಿದ್ದು ಇವುಗಳ ಶೌರ್ಯಕ್ಕಿಂತ ಜಿಪುಣತನ. ಸುಮ್ಮನೆ ಎತ್ತರಕ್ಕೇರಿ ಅಲ್ಲೇ ಉಳಿಯುವುದಿಲ್ಲ. ಗುಡ್ಡ ಬಂದರೆ ಏರಿ, ಕಣಿವೆ ಬಂದರೆ ಇಳಿದು, ನೆಲಕ್ಕಂಟಿಕೊಂಡೇ ಸಾಗುತ್ತವೆ. ಮತ್ತೆ ಏರುವ ಶ್ರಮವಿದ್ದರೂ ಮೇಲಿನ ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವುದಕ್ಕಿಂತ ಅದು ಅಗ್ಗ. ಹಿಮಾಲಯ ಹತ್ತುವ ಕೆಲಸವನ್ನೂ ಹೆಚ್ಚಾಗಿ ರಾತ್ರಿ, ನಸುಕಿನಲ್ಲೇ ಮಾಡುತ್ತವೆ. ತಣ್ಣನೆ ಗಾಳಿ ಮಂದ, ರೆಕ್ಕೆಗೆ ಹಿಡಿತ ಹೆಚ್ಚು. ನಮಗೆ ಹಲ್ಲು ಕಡಿಸುವ ಥಂಡಿ ಇವಕ್ಕೆ ಕಾಲೂರುವ ಮೆಟ್ಟಿಲು.

“ಬಂದೂ ಏನ್ರಿ, ನಮ್ಮ ಪಾಳೇದವು?”

ತಿರುಗಿ ನೋಡಿದರೆ ತಲೆಗೆ ಟವೆಲ್ ಸುತ್ತಿ, ಮೈಮೇಲೆ ಕಂಬಳಿ ಹೊದ್ದು, ಸಲಿಕೆ ಊರಿ ಒಬ್ಬರು ನಿಂತಿದ್ದರು. ಮೊಣಕಾಲತನಕ ಕೆಸರು. ಪಕ್ಕದ ಗೋಧಿಗೆ ನೀರು ಹಾಯಿಸುತ್ತಿದ್ದರು. ಬೋರಿಗೆ ತ್ರೀ ಫೇಸ್ ಕರೆಂಟು ರಾತ್ರಿಯೇ ಕೊಡುವುದರಿಂದ ಮಡಿಯಿಂದ ಮಡಿಗೆ ನೀರು ತಿರುವುತ್ತ ಅವರ ರಾತ್ರಿ ಕಳೆದಿತ್ತು.

“ಯಾವ ಪಾಳಿ ಅಣ್ಣಾರ?”

“ರಾತ್ರಿ ಪಾಳಿ ರೀ. ನಾ ಹತ್ತಕ್ಕ ಮೋಟ್ರ ಚಾಲೂ ಮಾಡಿದ್ರ ಇವು ಆಗಲೇ ಬಂದಿರ್ತಾವು. ರಾತ್ರಿಯೆಲ್ಲಾ ಅಕಾಡೆ ಹೊಲದಾಗ ಕಡ್ಲಿ ಮೇಯ್ತಾವು, ಗುಜುಗುಜು ಮಾತಾಡ್ತಾವು. ನಸುಕಾತಂದ್ರ ಕೆರಿಗೆ ಬಂದು ಮಲಗ್ತಾವು. ಆಗ ನೀವು ಬರ್ತೀರಿ ನೋಡಾಕ.”

ಮಾಸ್ತರರೂ ನಾನೂ ಮುಖ ಮುಖ ನೋಡಿಕೊಂಡೆವು. ಐದು ಚಳಿಗಾಲ ಈ ಹಕ್ಕಿ ನೋಡುತ್ತೇವೆಂದು ತಿರುಗಿದವರು ನಾವು. ನೋಡಿದ್ದು ಅವುಗಳ ನಿದ್ದೆಯನ್ನು. ದುಡಿಮೆಯನ್ನು ಕಂಡವರು, ಕಂಡವರೇನು ಕತ್ತಲಲ್ಲಿ ಕೇಳಿದವರು, ಕಂಬಳಿ ಹೊದ್ದ ಈ ಮನುಷ್ಯ.

“ನಿಮ್ಮ ಕಡ್ಲಿ ತಿಂದ್ರ ಸಿಟ್ಟು ಬರೂದಿಲ್ಲೇನ್ರಿ?” ಎಂದೆ.

“ಬರ್ತೈತಿ. ಡಬ್ಬಿ ಬಡೀತೀವಿ, ಹಾರ್ತಾವು, ಬಾಜೂ ಹೊಲಕ್ಕ ಇಳೀತಾವು. ಅಲ್ಲಿ ಅವ ಡಬ್ಬಿ ಬಡೀತಾನ, ನನ್ನ ಹೊಲಕ್ಕ ಬರ್ತಾವು. ಕಡೀಕ ಇಬ್ರೂ ಡಬ್ಬಿ ಬಿಟ್ಟು ಬೆಂಕಿ ಕಾಸ್ಕೋತ ಕುಂದ್ರತೀವಿ. ಹಿಕ್ಕಿ ಹಾಕಿ ಹೋಗ್ತಾವಲ್ರಿ, ಅದೂ ಒಂದ ಗೊಬ್ಬರ.” ಸ್ವಲ್ಪ ತಡೆದು, “ಲಾಗೋಡಿ ಮಾತ್ರ ನಮ್ದ,” ಎಂದರು.

2024ರಲ್ಲಿ ಈ ಕೆರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ. ಅದಕ್ಕೂ ಎರಡು ವರ್ಷ ಮೊದಲು ನಮ್ಮ ರಾಜ್ಯದಿಂದ ರಂಗನತಿಟ್ಟು ಸೇರಿತ್ತು. ದೊಡ್ಡ ಮರ್ಯಾದೆಯೇ, ಸಂಶಯವಿಲ್ಲ. ಆದರೆ ಪಟ್ಟಿಯಲ್ಲಿರುವುದು 54 ಹೆಕ್ಟೇರ್ ಚಿಲ್ಲರೆ ಜಾಗ. ಅದು ಹೆಬ್ಬಾತುಗಳ ಮಲಗುವ ಕೋಣೆ. ಖಾನಾವಳಿ ಪೂರ್ತಿ ಹೊರಗಿದೆ, ಅದರ ಬಿಲ್ಲು ಕಂಬಳಿಯವರ ಹೆಸರಿನಲ್ಲಿದೆ. ನಾಳೆ ಇವರು ಕಡಲೆ ಬಿಟ್ಟು ಹಕ್ಕಿ ಮುಟ್ಟದ ಇನ್ನೊಂದು ಬೆಳೆಗೆ ಹೋದರೆ, ಅಥವಾ ಹೊಲವನ್ನೇ ಸೈಟು ಮಾಡಿದರೆ, ಕೆರೆಯ ಬೋರ್ಡು ಹಾಗೆಯೇ ಇರುತ್ತದೆ, ಹಕ್ಕಿ ಇರುವುದಿಲ್ಲ. ಕೆರೆಯ ಸುತ್ತ ತಂತಿಬೇಲಿಗೆ, ವೀಕ್ಷಣಾ ಗೋಪುರಕ್ಕೆ ಸಿಗುವ ದುಡ್ಡಿನಲ್ಲಿ ಒಂದು ಪಾಲು ಹೊಲದವರ ನಷ್ಟಕ್ಕೂ ತಪ್ಪದೆ ಸಿಗಬೇಕೆಂದು ನನಗನಿಸುತ್ತದೆ. ಗೋಪುರವನ್ನು ಹಕ್ಕಿ ತಿನ್ನುವುದಿಲ್ಲ.

ಸೂರ್ಯ ಬಿದಿರುಕೋಲಿನಷ್ಟು ಮೇಲೆ ಬಂದ. ಮಾಸ್ತರರು ಎಣಿಕೆಗೆ ಕೂತರು. ಇದಕ್ಕೊಂದು ಪದ್ಧತಿಯಿದೆ: ಮೊದಲು ಹತ್ತನ್ನು ಬಿಡಿಬಿಡಿಯಾಗಿ ಎಣಿಸಿ ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆಂದು ಕಣ್ಣಿಗೆ ಅಳತೆ ಮಾಡಿಕೊಳ್ಳಬೇಕು, ಆಮೇಲೆ ಅದೇ ಅಳತೆಯನ್ನು ಹಿಂಡಿನ ಮೇಲೆ ಸರಿಸುತ್ತ ಹೋಗಬೇಕು. ಅವರು ಮುಕ್ಕಾಲು ಭಾಗ ಮುಗಿಸುವಷ್ಟರಲ್ಲಿ ಆಕಾಶದಲ್ಲಿ ಸೆಳೆವ ಎಂಬ ಬೇಟೆಹಕ್ಕಿಯೊಂದು ಹಾದುಹೋಯಿತು. ಇಡೀ ಹಿಂಡು ಎದ್ದು, ಕಲಸಿ, ಬೇರೆ ಕಡೆ ಕೂತಿತು. ಮಾಸ್ತರರು ಹಾಳೆ ಹರಿದು ಹೊಸದಾಗಿ ಶುರು ಮಾಡಿದರು. ಎರಡನೇ ಸಲ ದನ ನೀರಿಗಿಳಿದವು. ಮೂರನೇ ಸಲ ಮುಗಿಸಿ ಅವರು 2,140 ಎಂದರು, ನಾನು 1,800 ಎಂದೆ. ನಡುವಿನ 340 ಹಕ್ಕಿ ಎಲ್ಲಿ ಹೋದವೆಂದು ವಾದಕ್ಕಿಳಿದೆವು.

ಕಂಬಳಿಯವರು ಕಣ್ಣಿಗೆ ಕೈ ಅಡ್ಡ ಹಿಡಿದು ಒಂದು ಸಲ ನೋಡಿ, “ಎರಡ ಸಾವಿರಕ್ಕ ಕಡಿಮಿ ಇಲ್ರಿ. ಹೋದ ವಾರ ಇನ್ನಾ ಹೆಚ್ಚಿದ್ದೂ,” ಎಂದರು. ಕಣದಲ್ಲಿ ರಾಶಿ ನೋಡಿ ಎಷ್ಟು ಚೀಲವೆಂದು ಹೇಳುವ ಕಣ್ಣದು. ಮಾಸ್ತರರ ಮುಖ ಅರಳಿತು. ನನ್ನ 1,800ನ್ನು ಅವರು ವಹಿಯಲ್ಲಿ ಬರೆದುಕೊಳ್ಳಲೇ ಇಲ್ಲ.

ಬದುವಿನ ಮೇಲೆ ತೊಗರಿ ಕಟ್ಟಿಗೆಯ ಬೆಂಕಿ ಇನ್ನೂ ಕೆಂಡವಿತ್ತು. ಮೂವರೂ ಕೂತು ಥರ್ಮಾಸಿನ ಚಹಾ ಹಂಚಿಕೊಂಡೆವು. ದಂಡೆಯಲ್ಲೊಂದು ಹೆಬ್ಬಾತು ಒಂಟಿಗಾಲಲ್ಲಿ ನಿಂತು ನಿದ್ದೆಗೆ ಜಾರುತ್ತಿತ್ತು. ತಣ್ಣೀರಲ್ಲಿ ನಿಂತರೂ ಅದರ ಮೈ ತಣಿಯುವುದಿಲ್ಲ. ಕಾಲಿಗಿಳಿಯುವ ಬಿಸಿ ರಕ್ತ, ಮೇಲೇರುವ ತಣ್ಣನೆ ರಕ್ತಕ್ಕೆ ದಾರಿಯಲ್ಲೇ ಶಾಖ ಕೊಟ್ಟು ಹೋಗುತ್ತದೆ, ಪಾದಕ್ಕೆ ತಲುಪುವುದು ಬೇಕಾದಷ್ಟೇ ಬೆಚ್ಚಗೆ. ಇನ್ನೊಂದು ಕಾಲು ಪುಕ್ಕದೊಳಗೆ. ಇದನ್ನು ವಿವರಿಸಿ ಹೇಳಿದೆ. ಕಂಬಳಿಯವರು ತಮ್ಮ ಬಿರಿದ ಹಿಮ್ಮಡಿಯನ್ನು ಕೆಂಡಕ್ಕೆ ಹಿಡಿದು, “ಅದರ ಊರಾಗ ಈಗ ನೀರ ಕಲ್ಲಾಗಿರ್ತೈತಿ ಅಂತೀರಿ. ಹಂಗಂದ್ರ ಅದಕ್ಕ ನಮ್ಮೂರು ಬ್ಯಾಸಗಿ,” ಎಂದರು. ಆಮೇಲೆ ಕರೆಂಟು ಹೋಯಿತು, ಮೋಟರಿನ ಸದ್ದು ನಿಂತಿತು, ಅವರು ಸಲಿಕೆ ಹೆಗಲಿಗಿಟ್ಟು ಮನೆಯ ಕಡೆ ನಡೆದರು. ಪಾಳಿ ಮುಗಿದಿತ್ತು.

ನೀವೂ ಹೋಗುವವರಿದ್ದರೆ ಗದಗಿನಿಂದ 25 ಕಿಲೋಮೀಟರ್ ಚಿಲ್ಲರೆ ದೂರ. ಮಾರ್ಚ್ ಹೊತ್ತಿಗೆ ಹಕ್ಕಿಗಳು ಹೊರಟುಬಿಡುತ್ತವೆ, ಅದಕ್ಕೆ ಮೊದಲೇ ಹೋಗಿ. ಫೋಟೊಕ್ಕೆಂದು ಕಲ್ಲೆಸೆದು ಎಬ್ಬಿಸಬೇಡಿ, ರಾತ್ರಿಯೆಲ್ಲ ದುಡಿದು ಮಲಗಿರುತ್ತವೆ. ಕಡಲೆ ಹೊಲಕ್ಕಂತೂ ಬರಿಗಾಲಲ್ಲಿ ಇಳಿಯಬೇಡಿ.