ಬಿಸ್ಕತ್ತಿನ ಡಬ್ಬದ ಇಯರ್‌ಫೋನುಗಳು

ಕಳೆದ ರಂಜಾನಿಗೆ ಮುಂಚೆ ಮನೆಗೆ ಸುಣ್ಣ ಬಳಿಯಲೆಂದು ಕಪಾಟು ಖಾಲಿ ಮಾಡುವಾಗ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬವೊಂದು ಸಿಕ್ಕಿತು. ತೆರೆದರೆ ಒಳಗೆ ಒಂದಕ್ಕೊಂದು ಹೆಣೆದುಕೊಂಡ ಇಯರ್‌ಫೋನುಗಳು. ಕೂತು ಬಿಡಿಸಿ ಎಣಿಸಿದೆವು. 14 ಇದ್ದವು. ಎಲ್ಲವೂ 100, 150, ಹೆಚ್ಚೆಂದರೆ 300 ರೂಪಾಯಿಯವು. ನಾವು ಅಣ್ಣತಮ್ಮಂದಿರು ಮೂವರು ತುರುವೇಕೆರೆಯ ಮೊಬೈಲ್ ಅಂಗಡಿಗಳಲ್ಲಿ, ಕೊಬ್ಬರಿ ಮಾರಲು ತಿಪಟೂರಿಗೆ ಹೋದಾಗ ಅಲ್ಲಿನ ರಸ್ತೆಬದಿಯಲ್ಲಿ, ಹತ್ತು ಹನ್ನೆರಡು ವರ್ಷಗಳಲ್ಲಿ ಕೊಂಡವು. ಪೂರ್ತಿ ಸತ್ತವು ಕಡಿಮೆ. ಒಂದು ಕಿವಿ ಹೋಗಿ ಇನ್ನೊಂದು ಉಳಿದವೇ ಹೆಚ್ಚು. ಅದಕ್ಕೇ ಯಾರಿಗೂ ಎಸೆಯುವ ಮನಸ್ಸು ಬಂದಿರಲಿಲ್ಲ.

ಇಷ್ಟು ಚಿಕ್ಕ ವಸ್ತುವಿನ ಬಗ್ಗೆ ಬರೆಯಬೇಕೇ ಎಂದು ಓದುಗರು ಕೇಳಬಹುದು. ಆದರೆ ಆ ಡಬ್ಬ ನಮ್ಮ ಮನೆಯಲ್ಲಿ ಒಂದು ಲೆಕ್ಕವನ್ನು ತೆರೆಯಿತು. ಅದನ್ನು ಹೇಳಿಕೊಳ್ಳಬೇಕೆನಿಸಿದೆ.

ನಮ್ಮದು ತೆಂಗಿನ ಸೀಮೆ. ಅಬ್ಬಾ ತೋಟಗಳ ಕಾಯಿಯನ್ನು ಗುತ್ತಿಗೆಗೆ ಹಿಡಿದು ಅಟ್ಟಕ್ಕೆ ಹಾಕಿ ಕೊಬ್ಬರಿ ಮಾಡುವವರು. ಇಲ್ಲಿ ಆಗುವುದು ಉಂಡೆ ಕೊಬ್ಬರಿ. ಸಿಪ್ಪೆ ಸಹಿತ ಕಾಯಿ ಎಂಟು ಹತ್ತು ತಿಂಗಳು ಅಟ್ಟದಲ್ಲಿ ಕೂರಬೇಕು. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು. ಒಡೆದು ನೋಡುವಂತಿಲ್ಲ. ಹಸಿ ಇರುವಾಗಲೇ ಒಡೆದರೆ ಕೊಬ್ಬರಿಗೆ ಬೂಸ್ಟು ಹಿಡಿಯುತ್ತದೆ, ವರ್ಷದ ದುಡಿಮೆ ಹಾಳು. ಆದ್ದರಿಂದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳುತ್ತಾರೆ. ನೀರಿದ್ದರೆ ಕುಳುಕುಳು. ನೀರು ಹೋಗಿ ತಿರುಳು ಇನ್ನೂ ಅಂಟಿಕೊಂಡಿದ್ದರೆ ಮೌನ. ಕೊಬ್ಬರಿ ಆಗಿದ್ದರೆ ಗಡಗಡ. ಈ ಮೂರರ ನಡುವೆ ಇನ್ನೂ ಎಷ್ಟೋ ಸಣ್ಣ ಸದ್ದುಗಳಿವೆ. ಸುತ್ತಲಿನ ಹಳ್ಳಿಯವರು "ಸಾಬ್ರೇ, ಒಂದ್ಸಲ ಬಂದು ನಮ್ಮ ಕಾಯಿ ಕೇಳಿ" ಎಂದು ಅಬ್ಬಾನನ್ನು ಕರೆದುಕೊಂಡು ಹೋಗುತ್ತಿದ್ದರು. ನೋಡಿ ಎನ್ನುತ್ತಿರಲಿಲ್ಲ, ಕೇಳಿ ಎನ್ನುತ್ತಿದ್ದರು.

ಇಂಥ ಮನೆಯಲ್ಲಿ ಬೆಳೆದ ನಾವು ಮೊದಲ ಇಯರ್‌ಫೋನನ್ನು ಒಟ್ಟಿಗೇ ಕೇಳಿದೆವು. ಇಬ್ಬರಿಗೆ ಒಂದೊಂದು ಕಿವಿ, ಮೂರನೆಯವನಿಗೆ ಸರದಿ. ಸೋನಿ ಕಂಪನಿ 1979ರಲ್ಲಿ ತಂದ ಮೊದಲ ವಾಕ್‌ಮನ್‌ನಲ್ಲಿ ಎರಡು ಹೆಡ್‌ಫೋನಿಗೆ ಜಾಗವಿತ್ತು. ಕೇಳುತ್ತಿರುವ ಇಬ್ಬರೂ ನಡುವೆ ಮಾತಾಡಿಕೊಳ್ಳಲೆಂದು ಒಂದು ಕಿತ್ತಳೆ ಬಣ್ಣದ ಗುಂಡಿಯೂ ಇತ್ತು. ಒಂಟಿಯಾಗಿ ಕೇಳುವ ಯಂತ್ರವನ್ನು ಮಾಡಿದವರಿಗೂ ಜನ ಜೊತೆಯಲ್ಲಿ ಕೇಳಬಹುದೆಂಬ ಯೋಚನೆ ಇತ್ತೆಂದು ಕಾಣುತ್ತದೆ. ನಮ್ಮ ಕೈಲಿದ್ದದ್ದು ಗುಂಡಿಯ ಮೊಬೈಲು. ಅದರ ಎಫ್.ಎಂ. ರೇಡಿಯೋಗೆ ಇಯರ್‌ಫೋನಿನ ತಂತಿಯೇ ಆಂಟೆನಾ. ತಂತಿ ಚುಚ್ಚದಿದ್ದರೆ ಆಕಾಶವಾಣಿ ಹಿಡಿಯುತ್ತಲೇ ಇರಲಿಲ್ಲ.

ಡಬ್ಬದ 14ನ್ನೂ ಒಂದೊಂದಾಗಿ ಮೊಬೈಲಿಗೆ ಚುಚ್ಚಿ ನೋಡಿದೆವು. 9 ಇಯರ್‌ಫೋನುಗಳ ಕಾಯಿಲೆ ಒಂದೇ ಕಡೆ ಇತ್ತು: ಪಿನ್ನಿನ ಬುಡದಲ್ಲಿ, ತಂತಿ ಪ್ಲಾಸ್ಟಿಕ್ಕಿನೊಳಗೆ ನುಗ್ಗುವ ಜಾಗದಲ್ಲಿ. ಜೇಬಿನಲ್ಲಿ ಮೊಬೈಲು ಇಟ್ಟುಕೊಂಡು ಕೂತು ಎದ್ದಾಗಲೆಲ್ಲ ತಂತಿ ಅಲ್ಲೇ ಮಡಿಯುತ್ತದೆ. ಒಳಗಿನ ತಾಮ್ರದ ಎಳೆಗಳು ಕೂದಲಿಗಿಂತ ತೆಳು. ಮೇಲೆ ಬಣ್ಣದ ಅರಗು, ಹರಿಯದಿರಲೆಂದು ನಡುವೆ ನೈಲಾನ್ ದಾರ. ಒಳ್ಳೆಯ ಇಯರ್‌ಫೋನಿನಲ್ಲಿ ಆ ಬುಡಕ್ಕೆ ಬಳುಕುವ ಉದ್ದನೆಯ ರಬ್ಬರಿನ ಕತ್ತು ಇರುತ್ತದೆ, ಬಾಗು ಒಂದೇ ಬಿಂದುವಿನ ಮೇಲೆ ಬೀಳದಂತೆ. ಅಗ್ಗದ್ದರಲ್ಲಿ ಆ ಕತ್ತು ಗಟ್ಟಿ ಪ್ಲಾಸ್ಟಿಕ್ಕು, ಇಲ್ಲವೇ ನೋಡಲಿಕ್ಕೆ ಮಾತ್ರ ಗೀರು ಹಾಕಿದ ರಬ್ಬರು. ಡಬ್ಬದ ಮೇಲೆ ಎಕ್ಸ್‌ಟ್ರಾ ಬಾಸ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಕತ್ತಿನ ಬಗ್ಗೆ ಯಾರೂ ಬರೆಯುವುದಿಲ್ಲ.

ದಾದಿ ಇದ್ದಾಗಿನ ಒಂದು ರಂಜಾನ್ ನೆನಪಾಗುತ್ತದೆ. ಅವರಿಗೆ ಕಣ್ಣು ಮಂದವಾಗಿ ಕುರ್‌ಆನ್ ಓದಲಾಗುತ್ತಿರಲಿಲ್ಲ. ಮೊಬೈಲಿನಲ್ಲಿ ಕಿರಾಅತ್ ಹಾಕಿ ಇಯರ್‌ಫೋನ್ ಕೊಡುತ್ತಿದ್ದೆವು. ಒಂದು ಸಹರಿಯ ಹೊತ್ತು ಅವರು ಅದನ್ನು ತೆಗೆದು ನಮ್ಮ ಮುಖ ನೋಡಿದರು. "ಖಾರಿ ಸಾಹೇಬರು ಎಲ್ಲಿಗೆ ಹೋದರು ಬೇಟಾ? ಗುಮ್ಮಟದೊಳಗಿನ ಸದ್ದು ಮಾತ್ರ ಬರುತ್ತಿದೆ." ನಾವು ಹಾಕಿಕೊಂಡು ನೋಡಿದರೆ ನಿಜ. ದನಿ ಮಾಯವಾಗಿ ಅದರ ಮಾರ್ದನಿ ಮಾತ್ರ ತೇಲುತ್ತಿತ್ತು. ಚಿತ್ರಗೀತೆ ಹಾಕಿದರೆ ವಾದ್ಯಗಳಿವೆ, ಹಾಡುವವರಿಲ್ಲ.

ಇದರ ಗುಟ್ಟು ತಿಳಿದದ್ದು ಊರಿನ ಮೊಬೈಲ್ ರಿಪೇರಿಯವರಿಂದ. ಇಯರ್‌ಫೋನಿಗೆ ಎಡಗಿವಿಗೊಂದು, ಬಲಗಿವಿಗೊಂದು ತಂತಿ. ಎರಡಕ್ಕೂ ಸೇರಿ ವಿದ್ಯುತ್ತು ವಾಪಸು ಹೋಗಲು ಮೂರನೆಯದು. ಈ ಮೂರನೆಯದು ತುಂಡಾದರೆ ಎಡ ಬಲಗಳ ನಡುವಿನ ವ್ಯತ್ಯಾಸ ಮಾತ್ರ ಕಿವಿಗೆ ಬರುತ್ತದೆ. ಹಾಡುವವರ ದನಿಯನ್ನು ಎರಡೂ ಕಡೆಗೆ ಸಮನಾಗಿ ಹಾಕಿರುತ್ತಾರೆ. ಸಮನಾದದ್ದು ಪರಸ್ಪರ ಅಳಿಸಿಹೋಗುತ್ತದೆ. ಅವರು ಪಿನ್ನನ್ನು ಕತ್ತರಿಸಿ ಹೊಸದು ಹಾಕಿಕೊಟ್ಟರು. ಎಳೆಗಳ ಮೇಲಿನ ಅರಗನ್ನು ಕಾದ ಕಬ್ಬಿಣದಿಂದ ಸುಡದೆ ಬೆಸುಗೆ ಹಿಡಿಯುವುದಿಲ್ಲ ಎಂಬುದನ್ನೂ ತೋರಿಸಿದರು. ಕೊನೆಗೆ ಬಾಲ್‌ಪೆನ್ನಿನ ಸ್ಪ್ರಿಂಗನ್ನು ತಂತಿಯ ಬುಡಕ್ಕೆ ಸುತ್ತಿದರು. ಕಂಪನಿ ಕೊಡದ ಕತ್ತು ಅದು. "ಇದಕ್ಕೆ ನಾನು 40 ರೂಪಾಯಿ ಕೇಳಿದ್ರೆ ಜನ ಹೊಸದೇ ತಗೋತಾರೆ ಭಾಯ್, ಯಾರೂ ರಿಪೇರಿ ಮಾಡ್ಸಲ್ಲ" ಎಂದರು. ದಾದಿ ತೀರಿಕೊಳ್ಳುವವರೆಗೂ ಅದನ್ನೇ ಕೇಳಿದರು. ಡಬ್ಬದಲ್ಲಿ ಇಂದಿಗೂ ಎರಡು ಕಿವಿಯಲ್ಲೂ ಸರಿಯಾಗಿ ದನಿ ಕೊಡುವುದು ಆ ಸ್ಪ್ರಿಂಗ್ ಸುತ್ತಿದ್ದೊಂದೇ.

ಸದ್ದಿನ ವಿಷಯದಲ್ಲೂ ನಾವು ಬಹಳ ಕಾಲ ಮೋಸ ಹೋಗಿದ್ದೆವು. ಅಗ್ಗದ್ದರ ದನಿ ತಗಡು ಬಡಿದಂತೆ ಎಂದು ಬೈಯುತ್ತಿದ್ದೆವು. ಕಿವಿಯೊಳಗೆ ತೂರುವ ಇಯರ್‌ಫೋನಿನ ಅರ್ಧ ಗುಣ ಅದರ ತುದಿಯ ಸಿಲಿಕೋನ್ ಟೋಪಿಯಲ್ಲಿದೆ. ಕಿವಿಯ ದಾರಿಯನ್ನು ಟೋಪಿ ಸಂದಿಲ್ಲದೆ ಮುಚ್ಚಿದರೆ ಮಾತ್ರ ಮಂದ್ರದ ದನಿ ಉಳಿಯುತ್ತದೆ. ಸಂದಿದ್ದರೆ ಆ ದನಿ ಸೋರಿಹೋಗಿ ಚೀರಾಟ ಉಳಿಯುತ್ತದೆ. ಜೊತೆಗೆ ಕೊಡುವ ಚಿಕ್ಕ, ದೊಡ್ಡ ಟೋಪಿಗಳನ್ನು ನಾವು ಡಬ್ಬದೊಂದಿಗೆ ಎಸೆಯುತ್ತಿದ್ದೆವು. ದಾದಿಗೆ ಚಿಕ್ಕದನ್ನು ಹಾಕಿಕೊಟ್ಟಾಗ 150 ರೂಪಾಯಿಯ ಅದೇ ಇಯರ್‌ಫೋನು ಬೇರೆಯದೇ ಆಯಿತು.

ಇಷ್ಟೇ ಆಗಿದ್ದರೆ ನಗುತ್ತಾ ಮುಗಿಸಬಹುದಿತ್ತು. ನಮ್ಮಲ್ಲಿ ಕಿರಿಯವನು ಟಿಲ್ಲರ್ ಇಟ್ಟುಕೊಂಡು ಬಾಡಿಗೆಗೆ ತೋಟ ಉಳುತ್ತಾನೆ. ಆರೇಳು ವರ್ಷ ಅವನ ಎಡಗಿವಿಯಲ್ಲಿ ಇಯರ್‌ಫೋನ್ ಇದ್ದೇ ಇತ್ತು. ಬಲಭಾಗ ಯಾವಾಗಲೋ ಸತ್ತಿರುತ್ತಿತ್ತು, ಎಡದ ಟೋಪಿ ಎಲ್ಲೋ ಬಿದ್ದುಹೋಗಿರುತ್ತಿತ್ತು. ಟಿಲ್ಲರಿನ ಗದ್ದಲವನ್ನು ತಡೆಯಲು ಏನೂ ಇಲ್ಲ. ಹಾಡು ಅದನ್ನು ಮೀರಬೇಕಾದರೆ ವಾಲ್ಯೂಮ್ ತುದಿ ಮುಟ್ಟಬೇಕು. ದಿನಕ್ಕೆ ನಾಲ್ಕೈದು ಗಂಟೆ ಹೀಗೆ. ಹೊಸದು ತೆಗೆದುಕೋ ಎಂದರೆ "ಒಂದು ಕಿವಿ ಕೇಳ್ತದಲ್ಲ, ಸಾಕು" ಎನ್ನುತ್ತಿದ್ದ. ನಾವೂ ಅದನ್ನು ಉಳಿತಾಯವೆಂದೇ ತಿಳಿದಿದ್ದೆವು.

ಒಂದು ದಿನ ಅಟ್ಟದಲ್ಲಿ ಅಬ್ಬಾ ಅವನ ಕೈಗೆ ಕಾಯಿ ಕೊಟ್ಟು "ಇದು ಆಗಿದೆಯೇನೋ?" ಎಂದರು. ಅವನು ಎಡಗಿವಿಗೆ ಹಿಡಿದು ಅಲ್ಲಾಡಿಸಿ "ನೀರಿಲ್ಲ ಅಬ್ಬಾ" ಎಂದ. ಅಬ್ಬಾ ಇನ್ನೊಂದು ಕೊಟ್ಟರು, ಮತ್ತೊಂದು ಕೊಟ್ಟರು. ಉತ್ತರ ಅದೇ. ಅಬ್ಬಾ ಎಂದೂ ಮಾಡದ ಕೆಲಸ ಮಾಡಿದರು. ಮಚ್ಚು ತೆಗೆದುಕೊಂಡು ಮೂರನ್ನೂ ಒಡೆದರು. ಎರಡರಲ್ಲಿ ಚಮಚೆಯಷ್ಟು ನೀರಿತ್ತು. ಯಾರೂ ಮಾತಾಡಲಿಲ್ಲ. ಒಡೆದ ಕಾಯಿಗಳನ್ನು ಅಮ್ಮಿ ಒಳಗೆ ತೆಗೆದುಕೊಂಡು ಹೋದರು.

ತುಮಕೂರಿನಲ್ಲಿ ಕಿವಿಯ ಪರೀಕ್ಷೆ ಮಾಡಿಸಿದೆವು. ವೈದ್ಯರು ತೋರಿಸಿದ ಕಾಗದದಲ್ಲಿ ಎರಡೂ ಕಿವಿಗಳ ಗೆರೆ 4000 ಹರ್ಟ್ಸ್ ಹತ್ತಿರ ಕುಸಿದಿತ್ತು, ಎಡದ್ದು ಹೆಚ್ಚು. ಟಿಲ್ಲರಿನ ಪಾಲೆಷ್ಟು, ಇಯರ್‌ಫೋನಿನ ಪಾಲೆಷ್ಟು ಎಂದು ಬೇರೆ ಮಾಡಿ ಹೇಳಲಾಗದು ಎಂದರು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಹೋದದ್ದು ಹೋಯಿತು, ಇರುವುದನ್ನು ಉಳಿಸಿಕೊಳ್ಳಿ ಎಂದರು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಎಚ್ಚರಿಸಿತ್ತು: ಅಬ್ಬರದ ಸದ್ದನ್ನು ಕೇಳುವ ರೂಢಿಯಿಂದ ಜಗತ್ತಿನ 110 ಕೋಟಿ ಹದಿಹರೆಯದವರು ಮತ್ತು ಯುವಜನರ ಕಿವಿ ಅಪಾಯದಲ್ಲಿದೆ ಎಂದು. ಅದರ ಲೆಕ್ಕದಂತೆ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ವಾರಕ್ಕೆ 4 ಗಂಟೆ ಮಾತ್ರ. 100 ಆದರೆ 20 ನಿಮಿಷ. ಹತ್ತು ಹೆಚ್ಚಿದರೆ ಅವಧಿ ಹತ್ತರಲ್ಲೊಂದಾಗಿಬಿಡುತ್ತದೆ. ನಮ್ಮ ತಮ್ಮ ಒಂದೇ ದಿನದಲ್ಲಿ ಎಷ್ಟು ವಾರಗಳ ಪಾಲನ್ನು ಖರ್ಚು ಮಾಡುತ್ತಿದ್ದನೋ!

ಬಡವರ ಮನೆಯಲ್ಲಿ ಅರ್ಧ ಕೆಟ್ಟದ್ದನ್ನು ಬಳಸುವುದು ಗುಣವೆಂದೇ ನಮಗೆ ಹೇಳಿಕೊಟ್ಟಿದ್ದಾರೆ. ದುಂದು ಮಾಡಬಾರದೆಂಬುದು ನಮ್ಮ ದೀನಿನ ಮಾತೂ ಹೌದು. ಆದರೆ ಕಿವಿ ನಾವು ಕೊಂಡದ್ದಲ್ಲ. ಅದು ಅಲ್ಲಾಹನ ಅಮಾನತ್ತು. 100 ರೂಪಾಯಿ ಉಳಿಸಲು ಅದನ್ನು ಅಡವಿಟ್ಟದ್ದು ಯಾವ ಮಿತವ್ಯಯ? ದುಬಾರಿಯದೇ ಬೇಕೆಂದು ನಾವು ಹೇಳುತ್ತಿಲ್ಲ. ಕತ್ತು ಬಳುಕುತ್ತದೆಯೇ ನೋಡಿ, ಟೋಪಿಗಳನ್ನು ಜೋಪಾನ ಮಾಡಿ, ಒಂದು ಕಿವಿ ಸತ್ತ ದಿನವೇ ರಿಪೇರಿ ಮಾಡಿಸಿ ಇಲ್ಲವೇ ಬಿಟ್ಟುಬಿಡಿ. ಗದ್ದಲದ ಕೆಲಸದಲ್ಲಿ ಹಾಡು ಬೇಡ, ಕಿವಿಗೆ ತಡೆ ಬೇಕು.

ತಮ್ಮ ಈಗ ಟಿಲ್ಲರ್ ಹೊಡೆಯುವಾಗ ಕಿವಿ ಮುಚ್ಚುವ ಸಾಧನ ಹಾಕಿಕೊಳ್ಳುತ್ತಾನೆ. ಮಗ್ರಿಬ್ ಆದಮೇಲೆ ದಾದಿಯ ಆ ಇಯರ್‌ಫೋನಿನಲ್ಲಿ ಸಣ್ಣ ದನಿಯಲ್ಲಿ ಕೇಳುತ್ತಾನೆ. ಅಟ್ಟದಲ್ಲಿ ಅಬ್ಬಾ ಈಗಲೂ ಅವನ ಕೈಗೆ ಕಾಯಿ ಕೊಡುತ್ತಾರೆ. ಅವನು ಬಲಗಿವಿಗೆ ಹಿಡಿದು ಅಲ್ಲಾಡಿಸಿ, ಅನುಮಾನ ಬಂದರೆ ನಮ್ಮ ಕಡೆ ಚಾಚುತ್ತಾನೆ.