ಡಿಕ್ಕಿಯೊಳಗಿನ ಗುಮಟೆ

ತಂಗಿಯ ಮಗ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸ ಮಾಡುತ್ತಾನೆ, ಮನೆ ಮಲ್ಲಾಪುರದಲ್ಲಿ. ಈಚೆಗೆ ಹಳೇ ಕಾರೊಂದನ್ನು ಕೊಂಡ. ಕಾರು ಮನೆಗೆ ಬಂದ ವಾರದೊಳಗೇ ಅಂಕೋಲೆಗೆ ನನಗೆ ಫೋನು. "ಮಾವ, ಸಬ್‌ವೂಫರ್ ಹಾಕಿಸ್ಬೇಕು ಅಂತಿದ್ದೆ. ಕಾರವಾರಕ್ಕೆ ಬರ್ತೀರಾ?"

ಬರದೆ ಇರುತ್ತೇನೆಯೇ? ಹಾಡು ಕೇಳುವ ವಿಷಯ ಅಂದರೆ ನಾನು ಊಟ ಬಿಟ್ಟಾದರೂ ಹೊರಡುವವನು. ಆದರೂ ಕೇಳಿದೆ: "ಕಾರಿನಲ್ಲಿ ಇರೋ ಸ್ಪೀಕರ್ ಸಾಲದೇನೋ?" ಅವನ ಉತ್ತರ ಸರಿಯಾಗಿಯೇ ಇತ್ತು. ಮನೆ ಮುಂದೆ ನಿಲ್ಲಿಸಿಕೊಂಡು ಕೇಳಿದರೆ ಚೆನ್ನಾಗಿಯೇ ಇರುತ್ತದಂತೆ, ರಸ್ತೆಗೆ ಇಳಿದ ಕೂಡಲೇ ತಬಲಾದ ಎಡ ಮಾಯ, ಬಲ ಮಾತ್ರ ಟಿಕ್ ಟಿಕ್. ನಿಜವೇ. ಟೈರಿನ ಸದ್ದು, ಎಂಜಿನ್ನಿನ ಗುರುಗುರು, ಎಲ್ಲವೂ ಕೆಳಸ್ವರದವು. ಹಾಡಿನ ಕೆಳಸ್ವರವನ್ನೇ ಅವು ಮೊದಲು ನುಂಗುವುದು. ಜೊತೆಗೆ ನಮ್ಮ ಕಿವಿಯದೂ ಒಂದು ಸ್ವಭಾವವಿದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅದನ್ನು ಅಳೆದು ತೋರಿಸಿದ್ದಾರೆ: ಸದ್ದು ಸಣ್ಣದಿದ್ದಾಗ ಕೆಳಸ್ವರ ನಮಗೆ ಕೇಳಿಸುವುದೇ ಕಷ್ಟ. ಅಂದಮೇಲೆ, ಕೆಳಸ್ವರಕ್ಕೆಂದೇ ಇರುವ ಸ್ಪೀಕರ್ ಈ ಸಬ್‌ವೂಫರ್, ಹುಡುಗನ ಆಸೆ ಬರೀ ಶೋಕಿ ಅಂತ ತಳ್ಳಿಹಾಕುವುದು ಹೇಗೆ?

ಕಾರವಾರದ ಅಂಗಡಿಯಲ್ಲಿ ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ಒಂದರ ಮೇಲೆ 1200 ವ್ಯಾಟ್ ಎಂದು ಅಂಗೈ ಅಗಲದ ಅಕ್ಷರ. ಹುಡುಗನ ಕಣ್ಣು ಅಲ್ಲೇ ನೆಟ್ಟಿತು. ನಾನು ಪೆಟ್ಟಿಗೆಯನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ತೋರಿಸಿದೆ: ಆರ್‌ಎಂಎಸ್ 250. ಕಣ್ಣು ಮಿಟುಕಿಸುವಷ್ಟು ಹೊತ್ತು ತಡೆಯುವುದು ಮೊದಲಿನದು, ಗಂಟೆಗಟ್ಟಲೆ ತಡೆಯುವುದು ಎರಡನೆಯದು. ಒಂದೊಂದೂ 220 ಮೆಗಾವಾಟಿನ ನಾಲ್ಕು ಘಟಕಗಳಿರುವ ಕಡೆ ಕೆಲಸ ಮಾಡುವವನಿಗೆ ವ್ಯಾಟಿನ ಲೆಕ್ಕ ನಾನು ಹೇಳಿಕೊಡಬೇಕೇ! ಅವರ ಒಂದನೇ ಘಟಕ 962 ದಿನ ನಿಲ್ಲದೆ ನಡೆದು, 2018ರ ಡಿಸೆಂಬರ್ 31ರಂದು ವಿಶ್ರಾಂತಿಗೆ ನಿಂತಿತಲ್ಲ, ಆ ಸುದ್ದಿ ಓದಿದಾಗ ನನಗಾದ ಹೆಮ್ಮೆ ಇನ್ನೂ ಆರಿಲ್ಲ. ಒಂದು ಕ್ಷಣ ಜಿಗಿಯುವುದು ಬೇರೆ, ದಿನವೂ ನಡೆಯುವುದು ಬೇರೆ. ಅದನ್ನೇ ಹೇಳಿದೆ. ಇನ್ನೂ ಒಂದು ಮಾತು. ವ್ಯಾಟು ಎರಡು ಪಟ್ಟಾದರೆ ಸದ್ದು ಏರುವುದು ಮೂರೇ ಡೆಸಿಬಲ್. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಹತ್ತಿರ ಹತ್ತಿರ ಹತ್ತು ಪಟ್ಟು ವ್ಯಾಟು ಬೇಕು.

ಮುಂದಿನ ಪ್ರಶ್ನೆ, ಪೆಟ್ಟಿಗೆ ಯಾವುದು? ಪೂರಾ ಮುಚ್ಚಿದ್ದೋ, ಕೊಳವೆಬಾಯಿ ಇಟ್ಟ ಪೋರ್ಟೆಡ್ಡೋ? ಅಂಗಡಿಯವರು ಪೋರ್ಟೆಡ್ ಪೆಟ್ಟಿಗೆಯನ್ನು ನುಡಿಸಿ ತೋರಿಸಿದರು. ಹುಡುಗ ಕೊಳವೆಯ ಬಾಯಿಗೆ ಅಂಗೈ ಹಿಡಿದ. "ಮಾವ, ಗಾಳಿ ಬರ್ತದೆ ನೋಡಿ!"

ಆ ಅಂಗೈ ನೋಡಿದ್ದೇ ನನಗೆ ಗುಮಟೆ ನೆನಪಾಯಿತು.

ನೀವು ಅಂಕೋಲೆ ಕಡೆಯವರಾದರೆ ಬಿಡಿಸಿ ಹೇಳಬೇಕಿಲ್ಲ. ಹಾಲಕ್ಕಿ ಒಕ್ಕಲಿಗರ ಗುಮಟೆ ಎಂದರೆ ಎರಡು ಬಾಯಿಯ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ. ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ಉಡ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿಯಾದ್ದರಿಂದ ಅದರ ಜಾಗಕ್ಕೆ ಆಡಿನ ಚರ್ಮ ಬಂತು. ಸಣ್ಣ ಬಾಯಿ ತೆರೆದೇ ಇರುತ್ತದೆ. ಬಲಗೈ ಬೆರಳು ಚರ್ಮದ ಮೇಲೆ ಬಡಿಯುವಾಗ ಎಡ ಅಂಗೈ ಆ ಸಣ್ಣ ಬಾಯನ್ನು ಮುಚ್ಚುತ್ತದೆ, ತೆರೆಯುತ್ತದೆ. ತೆರೆದರೆ ಮಡಕೆಯೊಳಗಿನ ಗಾಳಿಯೂ ಸೇರಿ ಗುಂಯ್ ಎಂದು ಹರಡುತ್ತದೆ, ಮುಚ್ಚಿದರೆ ಗುಂ ಎಂದು ಅಲ್ಲೇ ನಿಲ್ಲುತ್ತದೆ. ಸುಗ್ಗಿಯ ದಿನಗಳಲ್ಲಿ ಜಾಗಟೆಯ ಜೊತೆ ಅದು ಅಂಗಳಕ್ಕೆ ಬಂತೆಂದರೆ ಮನೆಯೊಳಗೆ ಕೂರುವವರು ಯಾರು? ಇದೇ ನೆಲದ, ಬಡಿಗೇರಿಯ ಸುಕ್ರಜ್ಜಿ, ಸುಕ್ರಿ ಬೊಮ್ಮಗೌಡರು, ಹಾಲಕ್ಕಿ ಹಾಡುಗಳನ್ನು ನೆನಪಿನಲ್ಲೇ ಹೊತ್ತು ತಿರುಗಿದವರು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ಅಜ್ಜಿ ಹೋದರು. ಎಷ್ಟು ಹಾಡು ಜೊತೆಗೇ ಹೋದವೋ ಅಂತ ಈಗಲೂ ಸಂಕಟವಾಗುತ್ತದೆ.

ಎಲ್ಲಿದ್ದೆ? ಹಾಂ, ಅಂಗೈ. ಕೊಳವೆ ಇಟ್ಟ ಪೆಟ್ಟಿಗೆ ಅಂದರೆ ಸಣ್ಣ ಬಾಯಿ ತೆರೆದ ಗುಮಟೆಯೇ. ಕೊಳವೆಯ ಅಳತೆಗೆ ಹೊಂದುವ ಸ್ವರ ಬಂದಾಗ ಕಡಿಮೆ ವ್ಯಾಟಿನಲ್ಲಿ ಜೋರು ಸದ್ದು ಕೊಡುತ್ತದೆ. ಆದರೆ ಪೆಟ್ಟು ಬಿದ್ದಮೇಲೂ ಗುಂಯ್ ತುಸು ಉಳಿದುಕೊಳ್ಳುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಸದ್ದು ಕಡಿಮೆ, ಪೆಟ್ಟು ಮಾತ್ರ ಖಚಿತ. ಗುಮಟೆಯವನಿಗೆ ಎರಡೂ ಉಂಟು, ಅಂಗೈ ಇದೆಯಲ್ಲ! ನಮ್ಮ ಡಿಕ್ಕಿಯಲ್ಲಿ ಅಂಗೈ ಇಡುವವರು ಯಾರು? ಒಂದನ್ನು ಆರಿಸಲೇಬೇಕು.

ಹತ್ತು ಇಂಚಿನದು, ಮುಚ್ಚಿದ ಪೆಟ್ಟಿಗೆ ಅಂದೆ. ಹುಡುಗನ ಮುಖ ಸಪ್ಪಗಾಯಿತು. ನನ್ನ ಲೆಕ್ಕ ಇಷ್ಟೇ: ಕಾರಿನ ಒಳಗು ಸಣ್ಣ ಕೋಣೆ. ಗಾಜು ಏರಿಸಿದರೆ ತೀರಾ ಕೆಳಗಿನ ಸ್ವರವನ್ನು ಆ ಕೋಣೆಯೇ ಎತ್ತಿ ಕೊಡುತ್ತದೆ. ಮುಚ್ಚಿದ ಪೆಟ್ಟಿಗೆ ಎಲ್ಲಿ ಸೋಲುತ್ತದೋ ಅಲ್ಲಿಗೇ ಕಾರು ಹೆಗಲು ಕೊಡುತ್ತದೆ. ಡಿಕ್ಕಿಯಲ್ಲಿ ತಂಗಿಯ ಅಕ್ಕಿಚೀಲಕ್ಕೂ ಜಾಗ ಉಳಿಯುತ್ತದೆ. ಇನ್ನೊಂದು ಕಾರಣವೂ ಉಂಟು. ಕೆಳಸ್ವರ ಗಾಜಿಗೂ ಗೋಡೆಗೂ ಜಗ್ಗುವುದಿಲ್ಲ, ಕಾರು ಹೋದ ದಾರಿಯಲ್ಲಿ ಹಾಡು ಕೇಳದವರಿಗೂ ಧಿಂ ಧಿಂ ಮುಟ್ಟುತ್ತದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡಬಾರದೆಂದು ಕಾನೂನಿದೆ, ಸರಿ. ಪಾಳಿ ಕೆಲಸದ ಊರಿನಲ್ಲಿ ಹಗಲು ಹನ್ನೊಂದಕ್ಕೂ ಯಾರೋ ಒಬ್ಬರಿಗೆ ನಡುರಾತ್ರಿಯೇ ಅಲ್ಲವೇ?

ಬ್ಯಾಟರಿಯಿಂದ ಡಿಕ್ಕಿಗೆ ದಪ್ಪ ತಾಮ್ರದ ವೈರು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು, ಎಲ್ಲ ಮುಗಿಯುವಾಗ ಮಧ್ಯಾಹ್ನ ಮೂರು. 80 ಹರ್ಟ್ಜ್‌ಗಿಂತ ಮೇಲಿನದೆಲ್ಲ ಮುಂದಿನ ಸ್ಪೀಕರಿಗೆ, ಕೆಳಗಿನದು ಸಬ್ಬಿಗೆ ಎಂದು ಪಾಲು ಮಾಡಿದರು. ನಾನು ಚಾಲಕನ ಸೀಟಿನಲ್ಲಿ ಕೂತು ಫೋನಿನಲ್ಲಿದ್ದ ಸುಗ್ಗಿ ಹಾಡು ಹಾಕಿದೆ. ಗುಮಟೆ ಬೆನ್ನ ಹಿಂದೆ, ಎಲ್ಲೋ ದೂರ. ಆಂಪ್ಲಿಫೈಯರಿನ ಮೈಮೇಲೆ ಫೇಸ್ ಎಂದು ಬರೆದ ಪುಟ್ಟ ಸ್ವಿಚ್ಚೊಂದಿತ್ತು. "ಅದನ್ನ ಆಚೆ ತಿರುಗಿಸು" ಅಂದೆ. ಟಕ್ ಎಂದಿತು, ಅಷ್ಟೇ. ಗುಮಟೆ ಹಿಂದಿನಿಂದ ಎದ್ದು ಬಂದು ಎದುರಿಗೆ, ಡ್ಯಾಶ್‌ಬೋರ್ಡಿನ ಮೇಲೆ, ಹಾಡುವವರ ಪಕ್ಕದಲ್ಲೇ ಕೂತಿತು. ಮೈ ಜುಮ್ಮೆಂದಿತು. ವ್ಯಾಟು ಒಂದೂ ಏರಿಸಿರಲಿಲ್ಲ. ಮುಂದಿನ ಸ್ಪೀಕರೂ ಹಿಂದಿನ ಸಬ್ಬೂ ಗಾಳಿಯನ್ನು ಒಂದು ನೂಕಿದರೆ ಇನ್ನೊಂದು ಎಳೆಯುತ್ತಿದ್ದವು. ಈಗ ಒಟ್ಟಿಗೆ ನೂಕತೊಡಗಿದ್ದವು.

ಕಡವಾಡ, ಕಿನ್ನರ ದಾಟಿ ಕಾಳಿಯ ಮಗ್ಗುಲಲ್ಲಿ ಹೊರಟೆವು. ಎಲ್ಲೋ ಜರ್ ಜರ್ ಎನ್ನುವ ಸದ್ದು. ಸಬ್ಬೇ ಕೆಟ್ಟಿತೆಂದು ಹುಡುಗ ಕಂಗಾಲಾಗಿ ಕಾರು ನಿಲ್ಲಿಸಿದ. ಇಳಿದು ನೋಡಿದರೆ ಹಿಂದಿನ ನಂಬರ್ ಪ್ಲೇಟಿನ ಸ್ಕ್ರೂ ಸಡಿಲ. ಬಿಗಿ ಮಾಡಿ, ಹಿಂದೆ ರಬ್ಬರ್ ಚೂರೊಂದನ್ನು ತುರುಕಿದಮೇಲೆ ಸುಮ್ಮನಾಯಿತು.

ಮಲ್ಲಾಪುರದಲ್ಲಿ ತಂಗಿ ಚಹಾದ ಲೋಟ ಹಿಡಿದೇ ಹಿಂದಿನ ಸೀಟಿಗೆ ಬಂದು ಕೂತಳು. ಸುಗ್ಗಿ ಹಾಡು ಹಾಕಿದೆವು. ಅರ್ಧ ಹಾಡಾಗುವಷ್ಟರಲ್ಲಿ ಅವಳ ಬೆರಳು ಲೋಟದ ಮೇಲೆ ತಾಳ ಹಾಕುತ್ತಿತ್ತು. ಮುಗಿದಮೇಲೆ ಕೇಳಿದಳು: "ಅದೇನೋ ಪೆಟ್ಟಿಗೆ ಹಾಕ್ಸಿದ್ರಂತಲ್ಲ ಅಣ್ಣಾ, ಅದನ್ನ ಶುರು ಮಾಡೂದು ಯಾವಾಗ?"

ಹುಡುಗ ನನ್ನ ಮುಖ ನೋಡಿದ. ನನಗಾದ ಸಂತೋಷ ಅವನಿಗೆ ಆ ಕ್ಷಣಕ್ಕೆ ಅರ್ಥವಾಗಲಿಲ್ಲ. "ಇನ್ನೊಂದ್ಸಲ ಹಾಕೋ" ಅಂದೆ. ಹಾಕಿದ.